ಏಪ್ರಿಲ್‌ನಿಂದ ಮಾರ್ಚ್‌ವರೆಗೆ: ತಿಂಗಳ ಹಾಳೆಗಳನ್ನು ಜೋಡಿಸಲು ಯಾವ ಸೂತ್ರ ಆರಿಸಬೇಕು?

ಬಡಾವಣೆ ಸಂಘದ ಖಜಾಂಚಿ ಇರಲಿ, ಸ್ವಸಹಾಯ ಗುಂಪಿನ ಲೆಕ್ಕ ಬರೆಯುವವರಿರಲಿ, ಸಣ್ಣ ಅಂಗಡಿ ನಡೆಸುವವರಿರಲಿ, ಲೆಕ್ಕವನ್ನು ಕಂಪ್ಯೂಟರಿಗೆ ತರುವಾಗ ಬಹಳಷ್ಟು ಜನ ಒಂದೇ ರೀತಿ ಶುರು ಮಾಡುತ್ತಾರೆ. ಎಕ್ಸೆಲ್ ತೆರೆದು ತಿಂಗಳಿಗೊಂದು ಹಾಳೆ ಮಾಡುತ್ತಾರೆ. ಒಂದೆರಡು ತಿಂಗಳು ಕಳೆದ ಮೇಲೆ ಎರಡು ಅಗತ್ಯ ಎದುರಾಗುತ್ತವೆ. ಏಪ್ರಿಲ್ ತಿಂಗಳ ಅಂತಿಮ ಶಿಲ್ಕು ಮೇ ತಿಂಗಳ ಆರಂಭಿಕ ಶಿಲ್ಕಾಗಿ ತಾನಾಗಿಯೇ ಬರಬೇಕು. ವರ್ಷದ ಕೊನೆಗೆ 12 ತಿಂಗಳ ಜಮಾ ಖರ್ಚು ಒಂದೇ ಕಡೆ ಕೂಡಿ ಸಿಗಬೇಕು.

ಇದಕ್ಕೆ ನಾಲ್ಕೈದು ದಾರಿಗಳಿವೆ. ಸುಲಭವಾಗಿ ಬರೆಯಬಹುದಾದ ಸೂತ್ರವನ್ನು ಆರಿಸಿಕೊಳ್ಳುವುದು ವಾಡಿಕೆ. ನಾನು ಬೇರೆ ಪ್ರಶ್ನೆ ಕೇಳುತ್ತೇನೆ. ಈ ಸೂತ್ರ ತಪ್ಪಿದರೆ ಕಣ್ಣಿಗೆ ಬೀಳುತ್ತದೆಯೇ, ಇಲ್ಲ ಸುಮ್ನೆ ತಪ್ಪು ಮೊತ್ತ ತೋರಿಸುತ್ತಾ ಕೂರುತ್ತದೆಯೇ? ಸಂಘದ ದುಡ್ಡು ನಾಲ್ಕು ಜನರ ದುಡ್ಡು. ಸರ್ವಸದಸ್ಯರ ಸಭೆಯಲ್ಲಿ ಯಾರೋ ಎದ್ದು ಕೇಳುವ ಮುಂಚೆ ತಪ್ಪು ನಮಗೇ ಗೊತ್ತಾಗಬೇಕು ಅಲ್ವಾ? ಈ ಬರಹದ ಹೋಲಿಕೆಯೆಲ್ಲ ಆ ಒಂದು ಅಳತೆಯ ಮೇಲೆ ನಿಂತಿದೆ.

ಒಂದು ಸೂಚನೆ. ಇಲ್ಲಿ ಸೂತ್ರಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಸಮ್, ಸಮ್‌ಇಫ್ಸ್, ಇಂಡೈರೆಕ್ಟ್, ಇಡೇಟ್ ಮುಂತಾದ ಫಂಕ್ಷನ್ ಹೆಸರುಗಳು, ಎ, ಬಿ, ಸಿ ಎಂಬ ಕಾಲಂ ಅಕ್ಷರಗಳು, ದಿನಾಂಕದ ನಮೂನೆಯ ಅಕ್ಷರಗಳು ಇಂಗ್ಲಿಷ್‌ನಲ್ಲೇ ಇರಬೇಕು. ಹಾಳೆಯ ಹೆಸರು ಮಾತ್ರ ಕನ್ನಡದಲ್ಲಿದ್ದರೂ ನಡೆಯುತ್ತದೆ.

ಮೊದಲು ಹಾಳೆಯನ್ನು ಸರಿ ಮಾಡಿಕೊಳ್ಳಿ

ಯಾವ ಸೂತ್ರ ಆರಿಸಿದರೂ ಈ ಕೆಲಸ ತಪ್ಪದು. ಕಾಗದದ ಪುಸ್ತಕದಲ್ಲಿ ಒಟ್ಟು ಮೊತ್ತ ಪುಟದ ಕೆಳಗೆ ಬರುತ್ತದೆ. ಅದೇ ರೂಢಿಯಲ್ಲಿ ಎಕ್ಸೆಲ್‌ನಲ್ಲೂ ಕೆಳಗೆ ಬರೆಯುತ್ತೇವೆ. ಏಪ್ರಿಲ್‌ನಲ್ಲಿ ಒಟ್ಟು 38ನೇ ಸಾಲಿನಲ್ಲಿ, ಮೇ ತಿಂಗಳಲ್ಲಿ 52ನೇ ಸಾಲಿನಲ್ಲಿ. ಹೀಗಾದರೆ ಹಾಳೆಗಳನ್ನು ಜೋಡಿಸುವುದು ಕಷ್ಟ. ಒಟ್ಟು ಮೊತ್ತಗಳನ್ನು ಹಾಳೆಯ ತಲೆಯಲ್ಲಿಡಿ, ನಮೂದುಗಳನ್ನು ಕೆಳಗೆ ಬರೆಯಿರಿ. ನಾನು ಹೇಳುವ ವಿನ್ಯಾಸ ಇದು:

ಬಿ1: ತಿಂಗಳ ಮೊದಲ ದಿನಾಂಕ
ಬಿ2: ಆರಂಭಿಕ ಶಿಲ್ಕು
ಬಿ3: ಒಟ್ಟು ಜಮಾ, =ಸಮ್(ಡಿ7:ಡಿ500)
ಬಿ4: ಒಟ್ಟು ಖರ್ಚು, =ಸಮ್(ಇ7:ಇ500)
ಬಿ5: ಅಂತಿಮ ಶಿಲ್ಕು, =ಬಿ2+ಬಿ3-ಬಿ4

ಏಳನೇ ಸಾಲು ತಲೆಬರಹ: ದಿನಾಂಕ, ವಿವರ, ಬಾಬ್ತು, ಜಮಾ, ಖರ್ಚು. ಎಂಟನೇ ಸಾಲಿನಿಂದ ನಮೂದುಗಳು. ಮೊತ್ತವನ್ನು ಎಂಟರ ಬದಲು ಏಳರಿಂದ ಯಾಕೆ ಹಿಡಿದೆ ಅಂದರೆ, ಯಾರಾದರೂ ಮೊದಲ ನಮೂದಿನ ಮೇಲೆ ಹೊಸ ಸಾಲು ಸೇರಿಸಿದರೆ ಎಂಟರಿಂದ ಶುರುವಾದ ಸೂತ್ರ ಒಂಬತ್ತಕ್ಕೆ ಸರಿದುಬಿಡುತ್ತದೆ. ಹೊಸ ಸಾಲು ಲೆಕ್ಕದಿಂದ ಹೊರಗುಳಿಯುತ್ತದೆ. ತಲೆಬರಹದ ಅಕ್ಷರಗಳನ್ನು ಸಮ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಅದನ್ನು ಸೇರಿಸಿಕೊಂಡರೆ ನಷ್ಟವಿಲ್ಲ.

ಈಗ ಯಾವ ತಿಂಗಳ ಹಾಳೆ ತೆಗೆದರೂ ಅಂತಿಮ ಶಿಲ್ಕು ಬಿ5ರಲ್ಲೇ ಇರುತ್ತದೆ. ನಮೂದು ಇಪ್ಪತ್ತಿರಲಿ, ಇನ್ನೂರಿರಲಿ, ಜಾಗ ಬದಲಾಗುವುದಿಲ್ಲ.

ನೇರ ಕೊಂಡಿ

ಮೇ ಹಾಳೆಯ ಬಿ2ರಲ್ಲಿ ಸಮ ಚಿಹ್ನೆ ಒತ್ತಿ, ಏಪ್ರಿಲ್ ಹಾಳೆಗೆ ಹೋಗಿ ಬಿ5 ಮೇಲೆ ಕ್ಲಿಕ್ ಮಾಡಿ ಎಂಟರ್ ಒತ್ತಿದರೆ ಸಾಕು.

='ಏಪ್ರಿಲ್'!ಬಿ5

ಎಕ್ಸೆಲ್‌ನಲ್ಲೂ ಗೂಗಲ್ ಶೀಟ್ಸ್‌ನಲ್ಲೂ ಇದೇ ರೂಪ. ಲಿಬ್ರೆಆಫೀಸ್ ಕ್ಯಾಲ್ಕ್ ಆಶ್ಚರ್ಯ ಚಿಹ್ನೆಯ ಜಾಗದಲ್ಲಿ ಚುಕ್ಕಿ ಇಡುತ್ತದೆ. ಕ್ಲಿಕ್ ಮಾಡಿ ಬರೆದರೆ ಅದು ತಾನೇ ಸರಿಯಾಗಿ ಬರೆದುಕೊಳ್ಳುತ್ತದೆ.

ಇದರ ಒಳ್ಳೆಯ ಗುಣ ದೊಡ್ಡದು. ಏಪ್ರಿಲ್ ಹಾಳೆಯ ಹೆಸರನ್ನು ಆಮೇಲೆ ಬದಲಿಸಿದರೆ ಸೂತ್ರವೂ ಹಿಂದೆಯೇ ಬದಲಾಗುತ್ತದೆ. ಮೇಲೆ ಒಂದು ಸಾಲು ಸೇರಿಸಿದರೆ ಬಿ5 ಬಿ6 ಆಗುತ್ತದೆ, ಸೂತ್ರವೂ ಬಿ6 ಆಗುತ್ತದೆ. ಹಾಳೆಯನ್ನೇ ಅಳಿಸಿದರೆ #ರೆಫ್! ಅಂತ ದೋಷ ತೋರಿಸುತ್ತದೆ. ಯಾರು ಬೇಕಾದರೂ ಓದಿ ಅರ್ಥ ಮಾಡಿಕೊಳ್ಳಬಹುದು. ಮುಂದಿನ ಖಜಾಂಚಿಗೆ ವಿವರಿಸಿ ಹೇಳುವ ಅಗತ್ಯವೇ ಬರುವುದಿಲ್ಲ.

ತೊಂದರೆ ಬರುವುದು ಹೊಸ ತಿಂಗಳು ಹುಟ್ಟಿದಾಗ. ಮೇ ಹಾಳೆಯ ಪ್ರತಿ ತೆಗೆದು ಜೂನ್ ಅಂತ ಹೆಸರಿಟ್ಟಿರಿ ಅಂದುಕೊಳ್ಳಿ. ಜೂನ್ ಹಾಳೆಯ ಬಿ2ರಲ್ಲಿ ಈಗಲೂ ಏಪ್ರಿಲ್ ಕೊಂಡಿಯೇ ಇದೆ. ಯಾವ ದೋಷವೂ ಕಾಣುವುದಿಲ್ಲ. ಒಂದು ಅಂಕಿ ಇದೆ, ನೋಡಲು ಸರಿಯಾಗಿಯೇ ಇದೆ. ಆದರೆ ಮೇ ತಿಂಗಳ ಜಮಾ ಖರ್ಚು ಶಿಲ್ಕಿನ ಸರಪಳಿಯಿಂದ ಬಿಟ್ಟುಹೋಗಿದೆ. ಇದು ಸದ್ದಿಲ್ಲದ ತಪ್ಪು, ಬಹಳ ಕಡೆ ಆಗುವ ತಪ್ಪು ಕೂಡ.

ಜೂನ್ ಹಾಳೆಯಲ್ಲಿ ಹುಡುಕಿ ಬದಲಿಸುವ ಸೌಲಭ್ಯ ಬಳಸಿ ಏಪ್ರಿಲ್ ಇದ್ದಲ್ಲಿ ಮೇ ಅಂತ ಮಾಡಬಹುದು. ಎಕ್ಸೆಲ್‌ನಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿ. ಹಾಗೆ ಮಾಡುವಾಗ ಫೈಲ್ ಆರಿಸಿ ಅನ್ನುವ ಕಿಟಕಿ ತೆರೆದುಕೊಂಡರೆ, ನೀವು ಬರೆದ ಹೆಸರಿನ ಹಾಳೆ ಇಲ್ಲ ಅಂತ ಅರ್ಥ. ರದ್ದು ಮಾಡಿ ಕಾಗುಣಿತ ನೋಡಿ. ಗೂಗಲ್ ಶೀಟ್ಸ್‌ನಲ್ಲಿ ಸೂತ್ರಗಳ ಒಳಗೂ ಹುಡುಕು ಅನ್ನುವ ಚೌಕಕ್ಕೆ ಗುರುತು ಹಾಕದಿದ್ದರೆ ಏನೂ ಬದಲಾಗುವುದಿಲ್ಲ.

ಆದರೆ ಇದಕ್ಕಿಂತ ಒಳ್ಳೆಯ ಉಪಾಯ ಇದೆ. 12 ಹಾಳೆಗಳನ್ನೂ ವರ್ಷದ ಶುರುವಿನಲ್ಲೇ, ಒಂದೇ ಕೂತಿನಲ್ಲಿ ಮಾಡಿಬಿಡಿ. 11 ಕೊಂಡಿಗಳನ್ನು ಕ್ಲಿಕ್ ಮಾಡಿ ಬರೆಯಿರಿ. ಆಮೇಲೆ ವರ್ಷವಿಡೀ ಯಾರೂ ಪ್ರತಿ ತೆಗೆಯುವ ಅಗತ್ಯವಿಲ್ಲ. ಪ್ರತಿ ತೆಗೆಯದಿದ್ದರೆ ಆ ತಪ್ಪಿಗೆ ಅವಕಾಶವೂ ಇಲ್ಲ. ಮುಂದಿನ ತಿಂಗಳ ಖಾಲಿ ಹಾಳೆಗಳು ಇಂದಿನ ಶಿಲ್ಕನ್ನೇ ತೋರಿಸುತ್ತಿರುತ್ತವೆ, ಅದರಿಂದ ತೊಂದರೆಯಿಲ್ಲ.

ಎಕ್ಸೆಲ್‌ನಲ್ಲಿ ಇದನ್ನು ಬೇಗ ಮಾಡಬಹುದು. 12 ಖಾಲಿ ಹಾಳೆ ಸೇರಿಸಿ, ಮೊದಲ ಟ್ಯಾಬ್ (ಕೆಳಗೆ ಹಾಳೆಯ ಹೆಸರು ಕಾಣುವ ಪಟ್ಟಿ) ಮೇಲೆ ಕ್ಲಿಕ್ ಮಾಡಿ, ಶಿಫ್ಟ್ ಹಿಡಿದು ಕೊನೆಯ ಟ್ಯಾಬ್ ಮೇಲೆ ಕ್ಲಿಕ್ ಮಾಡಿ. ಈಗ ಒಂದು ಹಾಳೆಯಲ್ಲಿ ಬರೆದ ತಲೆಬರಹ, ಸೂತ್ರ ಎಲ್ಲ ಹಾಳೆಗಳಲ್ಲೂ ಮೂಡುತ್ತದೆ. ಕೆಲಸ ಮುಗಿದ ತಕ್ಷಣ ಯಾವುದಾದರೂ ಟ್ಯಾಬ್ ಮೇಲೆ ಬಲ ಕ್ಲಿಕ್ ಮಾಡಿ ಗುಂಪು ಬಿಡಿಸಿ. ಮರೆತರೆ ಏಪ್ರಿಲ್‌ನಲ್ಲಿ ಬರೆದ ಟ್ಯಾಂಕರ್ ನೀರಿನ ಖರ್ಚು 12 ತಿಂಗಳಲ್ಲೂ ಕೂರುತ್ತದೆ.

ಹಾಳೆಗಳನ್ನು ಅಡ್ಡ ಸೀಳಿ ಕೂಡಿಸುವ ಸೂತ್ರ

ನೇರ ಕೊಂಡಿ ಶಿಲ್ಕನ್ನು ಸಾಗಿಸಲು ಸರಿ. ವರ್ಷದ ಮೊತ್ತಕ್ಕೆ 12 ಹಾಳೆಗಳ ಬಿ3ಯನ್ನು ಒಂದೊಂದಾಗಿ ಕೂಡಿಸುತ್ತಾ ಹೋದರೆ ಸೂತ್ರ ಉದ್ದವಾಗುತ್ತದೆ, ಒಂದು ತಿಂಗಳು ತಪ್ಪಿದರೂ ಕಣ್ಣಿಗೆ ಬೀಳುವುದಿಲ್ಲ. ಎಕ್ಸೆಲ್ ಮತ್ತು ಕ್ಯಾಲ್ಕ್‌ನಲ್ಲಿ ಇದಕ್ಕೆ ತ್ರೀ-ಡಿ ರೆಫರೆನ್ಸ್ ಅನ್ನುವ ವ್ಯವಸ್ಥೆ ಇದೆ. ಎಕ್ಸೆಲ್‌ನಲ್ಲಿ ಹೀಗೆ:

=ಸಮ್('ಏಪ್ರಿಲ್:ಮಾರ್ಚ್'!ಬಿ3)

ಏಪ್ರಿಲ್ ಟ್ಯಾಬಿನಿಂದ ಮಾರ್ಚ್ ಟ್ಯಾಬಿನವರೆಗೆ ಸಾಲಾಗಿ ಇರುವ ಎಲ್ಲ ಹಾಳೆಗಳ ಬಿ3 ಕೂಡುತ್ತದೆ. ಸಮ್ ಜಾಗದಲ್ಲಿ ಆವರೇಜ್, ಮ್ಯಾಕ್ಸ್, ಮಿನ್, ಕೌಂಟ್ ಕೂಡ ಬಳಸಬಹುದು. ಆದರೆ ಷರತ್ತಿಗೆ ಹೊಂದುವುದನ್ನು ಮಾತ್ರ ಕೂಡಿಸುವ ಸಮ್‌ಇಫ್, ಎಣಿಸುವ ಕೌಂಟ್‌ಇಫ್ ಇದರ ಜೊತೆ ಕೆಲಸ ಮಾಡುವುದಿಲ್ಲ. ವರ್ಷದ ಕರೆಂಟ್ ಬಿಲ್ ಎಷ್ಟು ಅಂತ ಬೇಕಾದರೆ, ಪ್ರತಿ ತಿಂಗಳ ಹಾಳೆಯ ಬದಿಯಲ್ಲಿ ಬಾಬ್ತುವಾರು ಚಿಕ್ಕ ಪಟ್ಟಿ ಮಾಡಿ, ಅಲ್ಲಿ ಸಮ್‌ಇಫ್ ಬಳಸಿ, ಆ ಫಲಿತಾಂಶದ ಕೋಶವನ್ನು (ಸೆಲ್) ತ್ರೀ-ಡಿ ಸೂತ್ರದಿಂದ ಕೂಡಿಸಬೇಕು. ಬಾಬ್ತುಗಳ ಕ್ರಮ ಎಲ್ಲ ಹಾಳೆಯಲ್ಲೂ ಒಂದೇ ಇರಬೇಕು.

ಗೂಗಲ್ ಶೀಟ್ಸ್‌ನಲ್ಲಿ ಈ ಸೌಲಭ್ಯ ಇಲ್ಲ. ಎಕ್ಸೆಲ್‌ನಲ್ಲಿ ಮಾಡಿದ ಫೈಲನ್ನು ಡ್ರೈವಿಗೆ ಹಾಕಿ, ಸಮಿತಿಯವರೆಲ್ಲ ಫೋನಿನಲ್ಲಿ ಗೂಗಲ್ ಶೀಟ್ಸ್ ಮೂಲಕ ನೋಡುವ ಅಭ್ಯಾಸ ನಿಮ್ಮಲ್ಲಿದ್ದರೆ ಈ ದಾರಿ ಬೇಡ.

ಇನ್ನು ಅಸಲಿ ಅಪಾಯ. ಈ ಸೂತ್ರ ಟ್ಯಾಬಿನ ಹೆಸರಿಗಿಂತ ಟ್ಯಾಬ್ ಕೂತಿರುವ ಜಾಗ ನೋಡುತ್ತದೆ. ಜುಲೈ ಟ್ಯಾಬನ್ನು ಯಾರೋ ಎಳೆದು ಮಾರ್ಚ್ ಆಚೆಗೆ ಬಿಟ್ಟರೆ ಜುಲೈ ಲೆಕ್ಕ ಹೋಯಿತು. ಸುಮ್ನೆ ನೋಡೋಣ ಅಂತ ಯಾರೋ ಏಪ್ರಿಲ್ ಹಾಳೆಯ ಪ್ರತಿ ತೆಗೆದು ನಡುವೆ ಬಿಟ್ಟರೆ ಏಪ್ರಿಲ್ ಎರಡು ಸಲ ಸೇರಿತು. ನಡುವಿನ ಹಾಳೆಯನ್ನು ಮರೆಮಾಡಿದರೂ ಅದು ಲೆಕ್ಕದಲ್ಲಿ ಇದ್ದೇ ಇರುತ್ತದೆ. ಒಂದಕ್ಕೂ ದೋಷ ಸಂದೇಶ ಬರುವುದಿಲ್ಲ. ಒಂದು ಹಾಳೆಯಲ್ಲಿ ಮಾತ್ರ ಮೇಲ್ಭಾಗಕ್ಕೆ ಸಾಲು ಸೇರಿಸಿದರೂ ಹಾಗೆಯೇ: ಆ ತಿಂಗಳ ಬಿ3ರಲ್ಲಿ ಬೇರೆಯೇ ಅಂಕಿ ಬಂದಿರುತ್ತದೆ, ಸೂತ್ರ ಅದನ್ನೇ ಕೂಡಿಸಿಕೊಳ್ಳುತ್ತದೆ.

ವರ್ಷದ ಮೊತ್ತ ಬರೆಯುವ ವಾರ್ಷಿಕ ಹಾಳೆಯನ್ನು ಎಂದಿಗೂ ಏಪ್ರಿಲ್ ಮತ್ತು ಮಾರ್ಚ್ ನಡುವೆ ಇಡಬೇಡಿ, ಮೊದಲ ಟ್ಯಾಬಾಗಿ ಇಡಿ. ನಡುವೆ ಇಟ್ಟರೆ ಸೂತ್ರ ತನ್ನನ್ನು ತಾನೇ ಕೂಡಿಸಿಕೊಳ್ಳುವ ಸುತ್ತು ಬೀಳಬಹುದು. ಮತ್ತೆ, ಕೂಡಿಸುವುದು ಜಮಾ ಮತ್ತು ಖರ್ಚು ಮಾತ್ರ. ಶಿಲ್ಕನ್ನು 12 ತಿಂಗಳಿಗೆ ಕೂಡಿಸಿದರೆ ಅರ್ಥವಿಲ್ಲದ ಮೊತ್ತ ಬರುತ್ತದೆ. ಇದನ್ನು ಹೇಳಬೇಕಾಗಿಲ್ಲ ಅನಿಸಬಹುದು. ಆದರೆ ಬಿ2ರಿಂದ ಬಿ5ರವರೆಗೆ ಸೂತ್ರವನ್ನು ಎಳೆದುಬಿಡುವುದು ಕೈಗೆ ಬಹಳ ಸಲೀಸು.

ಇಂಡೈರೆಕ್ಟ್

ಮೂರನೆಯದು ಜಾಣ ಸೂತ್ರ. ಹಾಳೆಯ ಹೆಸರನ್ನು ಒಂದು ಕೋಶದಲ್ಲಿ ಬರೆದಿಟ್ಟು, ಸೂತ್ರ ಅದನ್ನು ಓದಿಕೊಂಡು ಆ ಹಾಳೆಗೆ ಹೋಗುವಂತೆ ಮಾಡುವುದು. ವಾರ್ಷಿಕ ಹಾಳೆಯ ಎ ಕಾಲಂನಲ್ಲಿ ತಿಂಗಳ ಹೆಸರುಗಳಿದ್ದರೆ, ಪಕ್ಕದಲ್ಲಿ:

=ಇಂಡೈರೆಕ್ಟ್("'"&ಎ2&"'!ಬಿ3")

ಇದನ್ನು ಕೆಳಗೆ ಎಳೆದರೆ 12 ತಿಂಗಳ ಜಮಾ ಸಾಲಾಗಿ ಬರುತ್ತದೆ. ಎಕ್ಸೆಲ್‌ನಲ್ಲೂ ಗೂಗಲ್ ಶೀಟ್ಸ್‌ನಲ್ಲೂ ನಡೆಯುತ್ತದೆ. ಕ್ಯಾಲ್ಕ್ ಚುಕ್ಕಿಯ ಬರವಣಿಗೆ ಬಳಸುವುದರಿಂದ ಒಂದೇ ಫೈಲನ್ನು ಎರಡೂ ಕಡೆ ತೆರೆಯುವವರು ಮೊದಲೇ ಪರೀಕ್ಷಿಸಿಕೊಳ್ಳಿ.

ಪ್ರತಿ ತಿಂಗಳು ಹೊಸ ಹಾಳೆ ಸೇರಿಸುವವರಿಗೆ ಇದರಿಂದ ಇನ್ನೊಂದು ಲಾಭ ಇದೆ. ಹಾಳೆಗಳಿಗೆ 2025-04, 2025-05 ಅಂತ ಹೆಸರಿಡಿ. ಪ್ರತಿ ಹಾಳೆಯ ಬಿ1ರಲ್ಲಿ ಆ ತಿಂಗಳ ಒಂದನೇ ತಾರೀಖು ಇದೆ ತಾನೇ? ಆರಂಭಿಕ ಶಿಲ್ಕಿನ ಜಾಗದಲ್ಲಿ ಹೀಗೆ ಬರೆಯಿರಿ:

=ಇಂಡೈರೆಕ್ಟ್("'"&ಟೆಕ್ಸ್ಟ್(ಇಡೇಟ್(ಬಿ1,-1),"ವೈವೈವೈವೈ-ಎಂಎಂ")&"'!ಬಿ5")

ಇಡೇಟ್ ಬಿ1ರಿಂದ ಒಂದು ತಿಂಗಳು ಹಿಂದಕ್ಕೆ ಹೋಗುತ್ತದೆ. ಟೆಕ್ಸ್ಟ್ ಆ ದಿನಾಂಕವನ್ನು ಹಾಳೆಯ ಹೆಸರಾಗಿ ಮಾಡುತ್ತದೆ. ಇಂಡೈರೆಕ್ಟ್ ಅಲ್ಲಿಗೆ ಹೋಗಿ ಅಂತಿಮ ಶಿಲ್ಕು ತರುತ್ತದೆ. ಹೊಸ ತಿಂಗಳಿಗೆ ಹಾಳೆಯ ಪ್ರತಿ ತೆಗೆದು, ಹೆಸರು ಬದಲಿಸಿ, ಬಿ1ರಲ್ಲಿ ಹೊಸ ದಿನಾಂಕ ಹಾಕಿ, ಹಳೆಯ ನಮೂದುಗಳನ್ನು ಅಳಿಸಿದರೆ ಮುಗಿಯಿತು. ನೇರ ಕೊಂಡಿಯಲ್ಲಿ ಆಗುವ ಜೂನ್ ತಿಂಗಳ ತಪ್ಪು ಇಲ್ಲಿ ಆಗುವುದಿಲ್ಲ. ಮೊದಲ ತಿಂಗಳಲ್ಲಿ ಮಾತ್ರ ಶಿಲ್ಕನ್ನು ಕೈಯಿಂದ ಬರೆಯಬೇಕು.

ಇದರ ದೌರ್ಬಲ್ಯ ಅದರ ಒಳಗೇ ಇದೆ. ಉದ್ಧರಣ ಚಿಹ್ನೆಯೊಳಗಿನ ಬಿ5 ಬರೀ ಅಕ್ಷರ. ಮೇಲೆ ಸಾಲು ಸೇರಿಸಿದರೆ ಅದು ಬಿ6 ಆಗುವುದಿಲ್ಲ. ಹಾಳೆಯ ಹೆಸರು ಬದಲಿಸಿದರೆ ಸೂತ್ರ ತಾನಾಗಿ ಬದಲಾಗುವುದಿಲ್ಲ, ಆದರೆ #ರೆಫ್! ಅಂತ ಕೂಗಿ ಹೇಳುತ್ತದೆ. ನನ್ನ ಅಳತೆಯಲ್ಲಿ ಇದು ಇಂಡೈರೆಕ್ಟ್‌ನ ಒಳ್ಳೆಯ ಗುಣ. ಫೈಲಿನಲ್ಲಿ ಎಲ್ಲಿ ಏನು ಬದಲಾದರೂ ಈ ಸೂತ್ರ ಮತ್ತೆ ಲೆಕ್ಕ ಮಾಡುತ್ತದೆ. ಹತ್ತಿಪ್ಪತ್ತು ಕೋಶಗಳಿದ್ದರೆ ಗೊತ್ತೇ ಆಗದು, ಸಾವಿರಾರು ಇದ್ದರೆ ಫೈಲ್ ನಿಧಾನವಾಗುತ್ತದೆ.

ಕನ್ನಡದಲ್ಲಿ ಹಾಳೆಗೆ ಹೆಸರಿಡುವವರು ಇಲ್ಲಿ ಜಾಸ್ತಿ ಎಚ್ಚರ ವಹಿಸಬೇಕು. ಟ್ಯಾಬಿನಲ್ಲಿ ಫೆಬ್ರವರಿ, ಪಟ್ಟಿಯಲ್ಲಿ ಫೆಬ್ರುವರಿ ಅಂತಿದ್ದರೆ ಸೂತ್ರ ಸೋಲುತ್ತದೆ. ಅದಾದರೂ ಕಣ್ಣಿಗೆ ಕಾಣುತ್ತದೆ. ಕಾಣದ ತೊಂದರೆ ಇನ್ನೊಂದಿದೆ. ಅಕ್ಷರಗಳು ಒತ್ತಾಗಿ ಕೂಡಿಕೊಳ್ಳದಂತೆ ತಡೆಯಲು ಯೂನಿಕೋಡ್‌ನಲ್ಲಿ ಒಂದು ಅದೃಶ್ಯ ಚಿಹ್ನೆ ಇದೆ. ಏಪ್ರಿಲ್, ಜೂನ್, ಮಾರ್ಚ್ ಹೀಗೆ ಅರ್ಧಾಕ್ಷರದಲ್ಲಿ ಮುಗಿಯುವ ಹೆಸರುಗಳ ಕೊನೆಗೆ ಅದು ಸೇರಿಕೊಂಡಿರಬಹುದು. ನೋಡಲು ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಟ್ಯಾಬಿನ ಹೆಸರನ್ನೇ ನಕಲು ಮಾಡಿ ಪಟ್ಟಿಯಲ್ಲಿ ಅಂಟಿಸಿದರೆ ಈ ಜಂಜಾಟ ಇರುವುದಿಲ್ಲ. ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡುವವರಿಗೆ ಟ್ಯಾಬಿನಲ್ಲಿ ಕನ್ನಡ ಬರುವುದೇ ಇಲ್ಲ, ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಟ್ಯಾಬಿಗೆ ಬೇರೆ ಫಾಂಟ್ ಕೊಡಲು ಆಗುವುದಿಲ್ಲವಲ್ಲ.

ಅದಕ್ಕೇ ನಾನು ಅಂಕಿಯ ಹೆಸರುಗಳ ಪರ. ಓರೆ ಗೆರೆ ಹಾಕಿ 04/2025 ಅಂತ ಮಾತ್ರ ಇಡಲಾಗದು, ಎಕ್ಸೆಲ್ ಒಪ್ಪುವುದಿಲ್ಲ. ಪಟ್ಟಿಯ ಕೋಶದಲ್ಲಿ 2025-04 ಅಂತ ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ದಿನಾಂಕ ಮಾಡಿಬಿಡುತ್ತದೆ. ಮೊದಲು ಒಂಟಿ ಉದ್ಧರಣ ಚಿಹ್ನೆ ಹಾಕಿ ಟೈಪ್ ಮಾಡಿ, ಅಕ್ಷರವಾಗಿಯೇ ಉಳಿಯುತ್ತದೆ.

ಇನ್ನೊಂದು ಅಭ್ಯಾಸದ ಬಗ್ಗೆ ಹೇಳಲೇಬೇಕು. ಇನ್ನೂ ಹುಟ್ಟದ ತಿಂಗಳುಗಳ ಎದುರು #ರೆಫ್! ಕಾಣುವುದು ಚೆನ್ನಾಗಿಲ್ಲ ಅಂತ ಸೂತ್ರವನ್ನು ಇಫ್‌ಎರರ್ ಒಳಗೆ ಹಾಕಿ ಸೊನ್ನೆ ತೋರಿಸುವವರಿದ್ದಾರೆ. ದಯವಿಟ್ಟು ಬೇಡ. ಆಗ ಕಾಗುಣಿತ ತಪ್ಪಿದ ತಿಂಗಳೂ ಸೊನ್ನೆಯಾಗುತ್ತದೆ. ಕೂಗುವ ಸೂತ್ರದ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಹಾಳೆಗಳನ್ನು ಮೊದಲೇ ಮಾಡಿಟ್ಟರೆ ಆ ದೋಷವೇ ಬರುವುದಿಲ್ಲ.

ಜೋಡಿಸುವ ಅಗತ್ಯವೇ ಇಲ್ಲದ ದಾರಿ

ಇಷ್ಟೆಲ್ಲ ಓದಿದ ಮೇಲೆ ಒಂದು ಪ್ರಶ್ನೆ ಕೇಳಬೇಕು. ತಿಂಗಳುಗಳನ್ನು ಬೇರೆ ಮಾಡಿ ಮತ್ತೆ ಯಾಕೆ ಕೂಡಿಸಬೇಕು? ವರ್ಷದ ಎಲ್ಲ ನಮೂದುಗಳನ್ನು ಒಂದೇ ಹಾಳೆಯಲ್ಲಿ, ಮೇಲೆ ಹೇಳಿದ ಅದೇ ಐದು ಕಾಲಂಗಳಲ್ಲಿ, ತಾರೀಖಿನೊಂದಿಗೆ ಬರೆಯಿರಿ. ಅದಕ್ಕೆ ನಗದು ಪುಸ್ತಕ ಅಂತ ಹೆಸರಿಡಿ. 2007ರಿಂದೀಚೆಗೆ ಎಕ್ಸೆಲ್ ಹಾಳೆಯಲ್ಲಿ 10,48,576 ಸಾಲುಗಳಿವೆ. ಯಾವ ಬಡಾವಣೆ ಸಂಘಕ್ಕೂ ಇಷ್ಟು ಸಾಲು ಬೇಕಾಗುವುದಿಲ್ಲ.

ತಿಂಗಳ ವರದಿಗೆ ಇನ್ನೊಂದು ಹಾಳೆ. ಅಲ್ಲಿ ಬಿ1ರಲ್ಲಿ ತಿಂಗಳ ಮೊದಲ ದಿನ, ಎ ಕಾಲಂನಲ್ಲಿ ಎಂಟನೇ ಸಾಲಿನಿಂದ ಬಾಬ್ತುಗಳ ಹೆಸರು. ಪಕ್ಕದಲ್ಲಿ ಈ ಸೂತ್ರ:

=ಸಮ್‌ಇಫ್ಸ್('ನಗದು ಪುಸ್ತಕ'!$ಇ:$ಇ, 'ನಗದು ಪುಸ್ತಕ'!$ಸಿ:$ಸಿ, $ಎ8, 'ನಗದು ಪುಸ್ತಕ'!$ಎ:$ಎ, ">="&$ಬಿ$1, 'ನಗದು ಪುಸ್ತಕ'!$ಎ:$ಎ, "<"&ಇಡೇಟ್($ಬಿ$1,1))

ಉದ್ದ ಕಂಡರೂ ಹೇಳುವುದು ಸರಳ: ಈ ಬಾಬ್ತಿನ ಖರ್ಚು, ಈ ತಿಂಗಳ ಒಂದರಿಂದ ಮುಂದಿನ ತಿಂಗಳ ಒಂದಕ್ಕೆ ಮುಂಚಿನವರೆಗೆ. ಬಿ1ರ ದಿನಾಂಕ ಬದಲಿಸಿದರೆ ವರದಿ ಪೂರ್ತಿ ಆ ತಿಂಗಳಿಗೆ ಬದಲಾಗುತ್ತದೆ. ಆರಂಭಿಕ ಶಿಲ್ಕಿಗೂ ಕೊಂಡಿ ಬೇಡ. ವರ್ಷದ ಮೊದಲ ಶಿಲ್ಕಿಗೆ ಬಿ1ಕ್ಕಿಂತ ಹಿಂದಿನ ಎಲ್ಲ ಜಮಾ ಕೂಡಿಸಿ, ಎಲ್ಲ ಖರ್ಚು ಕಳೆದರೆ ಸಿಕ್ಕಿತು. ಮೇ ತಿಂಗಳ ಬಿಲ್ಲೊಂದು ಆಗಸ್ಟ್‌ನಲ್ಲಿ ಸಿಕ್ಕರೆ ಕೆಳಗೆ ಸೇರಿಸಿ, ಮೇ ತಾರೀಖು ಹಾಕಿ. ಮೇ ವರದಿಯೂ ಸರಿಹೋಗುತ್ತದೆ, ಆಮೇಲಿನ ಎಲ್ಲ ಶಿಲ್ಕೂ ಸರಿಹೋಗುತ್ತದೆ. ಇಷ್ಟು ಸೂತ್ರವೂ ಬೇಡ ಅನ್ನುವವರಿಗೆ, ನಮೂದುಗಳನ್ನು ತಾನೇ ಗುಂಪು ಮಾಡಿ ಕೂಡಿಸಿಕೊಡುವ ಪಿವಟ್ ಟೇಬಲ್ ಇದೆ. ಎಕ್ಸೆಲ್‌ನಲ್ಲಿ ಅದನ್ನು ರಿಫ್ರೆಶ್ ಮಾಡಲು ಮರೆಯಬಾರದು.

ಎಕ್ಸೆಲ್, ಗೂಗಲ್ ಶೀಟ್ಸ್, ಕ್ಯಾಲ್ಕ್ ಮೂರರಲ್ಲೂ ಇದು ಕೆಲಸ ಮಾಡುತ್ತದೆ. ಹೊಸದಾಗಿ ಶುರು ಮಾಡುವವರಿಗೆ ನನ್ನ ಮೊದಲ ಸಲಹೆ ಇದೇ.

ಇದರಲ್ಲೂ ಸದ್ದಿಲ್ಲದ ತಪ್ಪು ಇಲ್ಲ ಅನ್ನಲಾರೆ. ಅದು ಇರುವುದು ತಾರೀಖಿನಲ್ಲಿ. ನಮ್ಮಲ್ಲಿ 05.04.2025 ಅಂತ ಚುಕ್ಕಿ ಇಟ್ಟು ಬರೆಯುವ ರೂಢಿ ಇದೆ. ಕಂಪ್ಯೂಟರಿನ ದಿನಾಂಕದ ಸೆಟ್ಟಿಂಗ್ ಅದನ್ನು ಒಪ್ಪದಿದ್ದರೆ ಅದು ದಿನಾಂಕವಾಗದೆ ಬರೀ ಅಕ್ಷರವಾಗಿ ಕೂರುತ್ತದೆ, ಯಾವ ತಿಂಗಳಿಗೂ ಸೇರುವುದಿಲ್ಲ. ಸೆಟ್ಟಿಂಗ್ ಅಮೆರಿಕದ ಕ್ರಮದಲ್ಲಿದ್ದರೆ 05/04/2025 ಅನ್ನುವುದು ಮೇ 4 ಆಗುತ್ತದೆ. ದಿನಾಂಕದ ಕಾಲಂಗೆ ಎಡಕ್ಕೋ ಬಲಕ್ಕೋ ಅಂತ ಜೋಡಣೆ ಕೊಡದೆ ಹಾಗೇ ಬಿಡಿ. ನಿಜವಾದ ದಿನಾಂಕ ಬಲಕ್ಕೆ ಅಂಟಿ ನಿಲ್ಲುತ್ತದೆ, ಅಕ್ಷರವಾದದ್ದು ಎಡಕ್ಕೆ. ಒಂದು ನೋಟದಲ್ಲೇ ಸಿಕ್ಕಿಬೀಳುತ್ತದೆ. ಬಾಬ್ತಿನ ಹೆಸರನ್ನು ಕೈಯಿಂದ ಬರೆಯದೆ, ಡೇಟಾ ವ್ಯಾಲಿಡೇಶನ್ ಪಟ್ಟಿಯಿಂದ ಆರಿಸುವಂತೆ ಮಾಡಿ.

ಉಳಿದ ದಾರಿಗಳು

ಡೇಟಾ ಮೆನುವಿನಲ್ಲಿ ಕನ್ಸಾಲಿಡೇಟ್ ಅಂತ ಒಂದಿದೆ. ಬಾಬ್ತಿನ ಹೆಸರು ನೋಡಿ ಕೂಡಿಸುತ್ತದೆ. ಹಾಗಾಗಿ ಒಂದೊಂದು ತಿಂಗಳಲ್ಲಿ ಬಾಬ್ತುಗಳ ಕ್ರಮ ಬೇರೆ ಇದ್ದರೂ ನಡೆಯುತ್ತದೆ. ಬೇರೆಯವರು ಹೇಗ್ಹೇಗೋ ಬರೆದಿಟ್ಟ ಹಳೆಯ ಫೈಲನ್ನು ಒಮ್ಮೆ ಕೂಡಿಸಿ ನೋಡಲು ಒಳ್ಳೆಯದು. ಮೂಲಕ್ಕೆ ಕೊಂಡಿ ಇಡು ಅನ್ನುವ ಗುರುತು ಹಾಕದಿದ್ದರೆ ಬರುವುದು ಆ ಕ್ಷಣದ ಅಂಕಿ ಮಾತ್ರ. ಆಮೇಲೆ ತಿಂಗಳ ಹಾಳೆ ಬದಲಾದರೂ ಅದು ಬದಲಾಗುವುದಿಲ್ಲ.

ಮೈಕ್ರೋಸಾಫ್ಟ್ 365 ಇರುವವರು ವಿಸ್ಟ್ಯಾಕ್ ಬಳಸಿ 12 ಹಾಳೆಗಳ ನಮೂದುಗಳನ್ನು ಒಂದರ ಕೆಳಗೊಂದು ತಂದು, ಅದರ ಮೇಲೆ ಪಿವಟ್ ಮಾಡಬಹುದು. ಪವರ್ ಕ್ವೆರಿ ಕೂಡ ಇದೇ ಕೆಲಸ ಮಾಡುತ್ತದೆ. ಕಲಿಯಲು ಆಸಕ್ತಿ ಇದ್ದರೆ ಒಳ್ಳೆಯದೇ. ಆದರೆ ಸಂಘದ ಲೆಕ್ಕ ಒಬ್ಬರಿಂದ ಒಬ್ಬರಿಗೆ ಹೋಗುವಂಥದ್ದು. ಮುಂದಿನವರಿಗೆ ತೆರೆದು ಸರಿಪಡಿಸಲು ಬರಬೇಕು.

ತಿಂಗಳಿಗೊಂದು ಫೈಲ್ ಮಾಡಿ ಅವುಗಳ ನಡುವೆ ಕೊಂಡಿ ಹಾಕುವುದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಫೋಲ್ಡರ್ ಬದಲಾದರೆ, ವಾಟ್ಸ್‌ಆ್ಯಪ್‌ನಲ್ಲಿ ಒಂದೇ ಫೈಲ್ ಕಳಿಸಿದರೆ ಕೊಂಡಿ ಕಡಿಯುತ್ತದೆ. ಇಂಡೈರೆಕ್ಟ್ ಅಂತೂ ಎಕ್ಸೆಲ್‌ನಲ್ಲಿ ಮುಚ್ಚಿರುವ ಫೈಲಿನಿಂದ ಏನನ್ನೂ ತರುವುದಿಲ್ಲ.

ಸದ್ದಿಲ್ಲದ ತಪ್ಪನ್ನು ಹಿಡಿಯುವ ಒಂದು ಕೋಶ

ಯಾವ ದಾರಿ ಹಿಡಿದರೂ ವಾರ್ಷಿಕ ಹಾಳೆಯಲ್ಲಿ ಒಂದು ತಾಳೆ ಕೋಶ ಇರಲೇಬೇಕು. ಏಪ್ರಿಲ್‌ನ ಆರಂಭಿಕ ಶಿಲ್ಕು, ಅದಕ್ಕೆ ವರ್ಷದ ಜಮಾ ಕೂಡಿಸಿ, ವರ್ಷದ ಖರ್ಚು ಕಳೆಯಿರಿ. ಬಂದದ್ದು ಮಾರ್ಚ್‌ನ ಅಂತಿಮ ಶಿಲ್ಕಿಗೆ ಸಮ ಇರಬೇಕು.

=ರೌಂಡ್('ಏಪ್ರಿಲ್'!ಬಿ2+ಸಮ್('ಏಪ್ರಿಲ್:ಮಾರ್ಚ್'!ಬಿ3)-ಸಮ್('ಏಪ್ರಿಲ್:ಮಾರ್ಚ್'!ಬಿ4)-'ಮಾರ್ಚ್'!ಬಿ5, 2)

ಉತ್ತರ ಸೊನ್ನೆ ಬರಬೇಕು. ಪೈಸೆಗಳ ಲೆಕ್ಕದಲ್ಲಿ ಕಂಪ್ಯೂಟರ್ ಒಳಗೆ ಉಳಿಯುವ ಅತಿ ಸಣ್ಣ ವ್ಯತ್ಯಾಸ ಬಾಧಿಸದಿರಲಿ ಅಂತ ರೌಂಡ್ ಹಾಕಿದೆ. ಸೊನ್ನೆ ಅಲ್ಲದಿದ್ದರೆ ಕೋಶ ಕೆಂಪಾಗುವಂತೆ ಕಂಡೀಶನಲ್ ಫಾರ್ಮ್ಯಾಟಿಂಗ್ ಕೊಡಿ.

ಇದು ಯಾಕೆ ಕೆಲಸ ಮಾಡುತ್ತದೆ ಅಂದರೆ ಎರಡು ಕಡೆಯ ಅಂಕಿಗಳು ಬೇರೆ ಬೇರೆ ದಾರಿಯಲ್ಲಿ ಬಂದಿವೆ. ಮಾರ್ಚ್‌ನ ಶಿಲ್ಕು ಹಾಳೆಯಿಂದ ಹಾಳೆಗೆ ಸರಪಳಿಯಾಗಿ ನಡೆದು ಬಂದದ್ದು. ವರ್ಷದ ಜಮಾ ಖರ್ಚು ಎಲ್ಲ ಹಾಳೆಗಳನ್ನು ಒಮ್ಮೆಗೇ ಕೂಡಿಸಿದ್ದು. ಜೂನ್ ಶಿಲ್ಕು ಮೇ ಬಿಟ್ಟು ಏಪ್ರಿಲ್‌ನಿಂದ ಬಂದಿದ್ದರೆ ಸರಪಳಿಯಲ್ಲಿ ಮೇ ಇಲ್ಲ, ಕೂಡಿಕೆಯಲ್ಲಿ ಇದೆ: ತಾಳೆ ತಪ್ಪುತ್ತದೆ. ಏಪ್ರಿಲ್ ಪ್ರತಿ ನಡುವೆ ಕೂತಿದ್ದರೆ ಕೂಡಿಕೆಯಲ್ಲಿ ಎರಡು ಸಲ, ಸರಪಳಿಯಲ್ಲಿ ಒಂದೇ ಸಲ: ಆಗಲೂ ತಪ್ಪುತ್ತದೆ. ಜುಲೈ ಟ್ಯಾಬ್ ಆಚೆ ಹೋಗಿದ್ದರೂ ಅಷ್ಟೆ. ವ್ಯತ್ಯಾಸದ ಮೊತ್ತವೇ ಸುಳಿವು ಕೊಡುತ್ತದೆ. ಯಾವ ತಿಂಗಳ ಜಮಾ ಮತ್ತು ಖರ್ಚಿನ ವ್ಯತ್ಯಾಸಕ್ಕೆ ಅದು ಸಮ ಇದೆ ಅಂತ ನೋಡಿದರೆ ತಪ್ಪಿದ ಹಾಳೆ ಸಿಗುತ್ತದೆ.

ಗೂಗಲ್ ಶೀಟ್ಸ್‌ನಲ್ಲಿ ತ್ರೀ-ಡಿ ಇಲ್ಲದ್ದರಿಂದ, ವಾರ್ಷಿಕ ಹಾಳೆಯ 12 ಸಾಲಿನ ಪಟ್ಟಿಯಲ್ಲಿ ಇಂಡೈರೆಕ್ಟ್‌ನಿಂದ ಬಂದ ಜಮಾ ಖರ್ಚನ್ನು ಕೂಡಿಸಿ ಇದೇ ತಾಳೆ ಮಾಡಿ. ಒಂದೇ ಹಾಳೆಯ ದಾರಿಯಲ್ಲಾದರೆ, 12 ತಿಂಗಳ ಸಮ್‌ಇಫ್ಸ್ ಮೊತ್ತಗಳನ್ನು ಕೂಡಿಸಿ, ನಗದು ಪುಸ್ತಕದ ಇಡೀ ಖರ್ಚಿನ ಕಾಲಂ ಮೊತ್ತದೊಂದಿಗೆ ಹೋಲಿಸಿ. ಅಕ್ಷರವಾಗಿ ಕೂತ ದಿನಾಂಕಗಳು ಅಲ್ಲಿ ಬಯಲಾಗುತ್ತವೆ.

ಬರೆಯಲೇ ಇಲ್ಲದ ರಸೀದಿಯನ್ನು, ಐನೂರರ ಬದಲು ಐದು ಸಾವಿರ ಅಂತ ಬರೆದದ್ದನ್ನು ಈ ಕೋಶ ಹಿಡಿಯಲಾರದು. ಅದಕ್ಕೆ ತಿಂಗಳ ಕೊನೆಗೆ ಬ್ಯಾಂಕ್ ಪಾಸ್‌ಬುಕ್ಕಿನ ಶಿಲ್ಕು, ಕೈಯಲ್ಲಿರುವ ನಗದು ಎರಡನ್ನೂ ಬಿ5ರ ಜೊತೆ ಹೋಲಿಸಬೇಕು.

ಹಾಗಾದರೆ ನಿಮಗೆ ಯಾವುದು?

ಹೊಸದಾಗಿ ಶುರು ಮಾಡುತ್ತಿದ್ದರೆ, ಬರೆಯುವವರು ಒಬ್ಬರೋ ಇಬ್ಬರೋ ಆಗಿದ್ದರೆ, ಒಂದೇ ಹಾಳೆ ಮತ್ತು ಸಮ್‌ಇಫ್ಸ್. ಹೆಚ್ಚು ಯೋಚಿಸಬೇಡಿ.

ತಿಂಗಳ ಹಾಳೆಯನ್ನೇ ಪ್ರಿಂಟ್ ಮಾಡಿ ನೋಟಿಸ್ ಬೋರ್ಡಿಗೆ ಹಾಕುವ ಪದ್ಧತಿ ಇದೆ, ಸದಸ್ಯರಿಗೆ ಅದೇ ನಮೂನೆ ಬೇಕು ಅನ್ನುವುದಾದರೆ, ಏಪ್ರಿಲ್‌ನಲ್ಲೇ 12 ಹಾಳೆ ಮಾಡಿ. ಶಿಲ್ಕಿಗೆ ನೇರ ಕೊಂಡಿ. ವರ್ಷದ ಮೊತ್ತಕ್ಕೆ ಎಕ್ಸೆಲ್‌ನಲ್ಲಿ ತ್ರೀ-ಡಿ, ಗೂಗಲ್ ಶೀಟ್ಸ್‌ನಲ್ಲಿ ಇಂಡೈರೆಕ್ಟ್ ಪಟ್ಟಿ.

ಪ್ರತಿ ತಿಂಗಳು ಹೊಸ ಹಾಳೆ ಸೇರುತ್ತಲೇ ಹೋಗುವ ಫೈಲಾದರೆ ಇಡೇಟ್ ಜೊತೆಗಿನ ಇಂಡೈರೆಕ್ಟ್. ಆದರೆ ಮೇಲಿನ ಐದು ಸಾಲುಗಳಿಗೆ ಬೀಗ ಹಾಕಿ. ಎಕ್ಸೆಲ್‌ನಲ್ಲಿ ನಮೂದಿನ ಕೋಶಗಳ ಲಾಕ್ ತೆಗೆದು ಹಾಳೆಯನ್ನು ಪ್ರೊಟೆಕ್ಟ್ ಮಾಡಿದರೆ ಬರೆಯುವವರಿಗೆ ಅಡ್ಡಿಯಿಲ್ಲ, ತಲೆಭಾಗ ಅಲುಗುವುದಿಲ್ಲ.

ಈಗಾಗಲೇ ಅರ್ಧ ವರ್ಷದ ಲೆಕ್ಕ ಅಡ್ಡಾದಿಡ್ಡಿ ಹಾಳೆಗಳಲ್ಲಿ ಇದ್ದರೆ ಅದನ್ನು ಈಗ ಕಿತ್ತು ಕಟ್ಟಬೇಡಿ. ನೇರ ಕೊಂಡಿಗಳನ್ನೇ ಇಟ್ಟುಕೊಂಡು ತಾಳೆ ಕೋಶ ಸೇರಿಸಿ ಮಾರ್ಚ್ ಮುಗಿಸಿ. ಏಪ್ರಿಲ್ ಒಂದಕ್ಕೆ ಹೊಸ ವಿನ್ಯಾಸದ ಫೈಲ್ ತೆರೆಯಿರಿ. ಅದರ ಮೊದಲ ಶಿಲ್ಕಿಗೆ ಹಳೆಯ ಫೈಲಿನ ಕೊಂಡಿ ಕೊಡಬೇಡಿ. ಪಾಸ್‌ಬುಕ್ ಮತ್ತು ಕೈನಗದಿಗೆ ತಾಳೆಯಾದ ಮಾರ್ಚ್ 31ರ ಅಂಕಿಯನ್ನು ಕೈಯಿಂದಲೇ ಟೈಪ್ ಮಾಡಿ. ಆಡಿಟ್ ಆದ ಮೇಲೆ ಅದು ಬದಲಾದರೆ ತಿದ್ದಿ, ಯಾಕೆ ತಿದ್ದಿದ್ದು ಅಂತ ಆ ಕೋಶದಲ್ಲೇ ಕಾಮೆಂಟ್ ಬರೆದಿಡಿ.